ಡಾಸ್ ಬಿಟ್ಟುಕೊಟ್ಟ ಸ್ಟ್ರೆಚರ್ ಸಿನಿಮಾದಲ್ಲಿ ಇರಬೇಕಿತ್ತು

ಅಹಿಂಸೆ ನಂಬಿದವನ ಕಥೆಯಲ್ಲಿ ಇಷ್ಟೊಂದು ರಕ್ತಪಾತ ಯಾಕೆ ಅಂತ ‘ಹ್ಯಾಕ್ಸಾ ರಿಡ್ಜ್’ ಸಿನಿಮಾ ಬಗ್ಗೆ ಕೇಳಿದ್ದೀರಿ. ನನಗೆ ಅದು ತಪ್ಪು ಅನ್ನಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಓಕಿನಾವ ದ್ವೀಪದ ಆ ನರಕ ಕಣ್ಣಿಗೆ ಕಟ್ಟದಿದ್ದರೆ, ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಅಮೆರಿಕನ್ ಸೈನಿಕ ಡೆಸ್ಮಂಡ್ ಡಾಸ್ ಬಂದೂಕಿಲ್ಲದೆ ಅಲ್ಲೇ ಉಳಿದದ್ದು ಎಂಥಾ ಎದೆಗಾರಿಕೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಗಾಯಾಳುವಿಗೆ ಹಗ್ಗದ ಕುಣಿಕೆ ತೊಡಿಸಿ ಕಡಿದಾದ ಬಂಡೆಯಿಂದ ಕೆಳಗಿಳಿಸಿ, ಮತ್ತೆ ಹೊಗೆಯೊಳಕ್ಕೆ ಓಡುತ್ತಾನಲ್ಲ, ಅಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಂಡ್ರ್ಯೂ ಗಾರ್ಫೀಲ್ಡ್ ಆ ಪಾತ್ರವನ್ನು ಜೀವಿಸಿದ್ದಾರೆ.

ನನ್ನ ತಕರಾರು ಬೇರೆ. ಜಪಾನಿ ಸೈನಿಕರಲ್ಲಿ ಹೆಚ್ಚಿನವರಿಗೆ ಸಿನಿಮಾದಲ್ಲಿ ಮುಖವೇ ಇಲ್ಲ, ಅಲೆಯಂತೆ ನುಗ್ಗಿ ಬರುತ್ತಾರೆ, ಸಾಯುತ್ತಾರೆ. ಕೊಲ್ಲಲಾರೆ ಅಂದವನ ಕಥೆಯಲ್ಲಿ ಎದುರಿಗಿದ್ದವನೂ ಮನುಷ್ಯನಾಗಿ ಕಾಣಬೇಕಿತ್ತು. ಓಕಿನಾವಕ್ಕೆ ಮೊದಲೇ ಡಾಸ್ ಪೆಸಿಫಿಕ್‌ನ ಗುವಾಮ್, ಲೇಟೆ ದ್ವೀಪಗಳ ಯುದ್ಧಗಳಲ್ಲೂ ಇದ್ದರು, ಅದೂ ಸಿನಿಮಾದಲ್ಲಿಲ್ಲ.

ಡಾಸ್ ಉಳಿಸಿದವರು 75 ಜನ ಅನ್ನೋ ಲೆಕ್ಕದ ಹಿಂದೆಯೂ ಕಥೆ ಇದೆ. ತಾವು ಉಳಿಸಿದ್ದು 50 ಜನ ಅಂತ ಡಾಸ್ ಅಂದರಂತೆ, ಜೊತೆಗಿದ್ದವರು 100 ಅಂದರಂತೆ, ನಡುವಿನ ಸಂಖ್ಯೆ ದಾಖಲಾಯಿತು. 1945ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಕೈಯಿಂದ ಅಲ್ಲಿನ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಬಂತು.

ಇನ್ನು ಸಿನಿಮಾ ಬಿಟ್ಟ ನಿಜ ಘಟನೆ: ಓಕಿನಾವದಲ್ಲೇ ಗ್ರೆನೇಡ್ ಸಿಡಿದು ಕಾಲು ಗಾಯಗೊಂಡ ಡಾಸ್ 5 ಗಂಟೆ ಕಾದ ಮೇಲೆ ಸ್ಟ್ರೆಚರ್ ಬಂತು. ದಾರಿಯಲ್ಲಿ ತನಗಿಂತ ಹೆಚ್ಚು ಗಾಯಗೊಂಡವನು ಕಂಡ. ಉರುಳಿ ಕೆಳಗಿಳಿದು, ಮೊದಲು ಅವನನ್ನು ಒಯ್ಯಿರಿ ಅಂದರು. ಆಮೇಲೆ ಗುಂಡು ಬಿದ್ದು ಕೈ ಮುರಿದಾಗ ಬಂದೂಕಿನ ಮರದ ಹಿಡಿಯನ್ನೇ ದಬ್ಬೆಯಾಗಿ ಕಟ್ಟಿಕೊಂಡು ತೆವಳಿದರು. ಬದುಕಿಡೀ ಬಂದೂಕು ಮುಟ್ಟಲ್ಲ ಅಂದವರು! ಈ ದೃಶ್ಯವನ್ನೇ ಬಿಟ್ಟುಬಿಟ್ಟರಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.