ಕುರ್ಚಿಯೋ, ಸೂಜಿಯೋ, ಗುಂಡೋ: ನೀನೇ ಆರಿಸಿಕೋ

ಅಮೆರಿಕದ ಮರಣದಂಡನೆಯ ಮಾತು ಬಂದಾಗಲೆಲ್ಲ ನಮ್ಮವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಅಲ್ಲಿ ಒಂದು ಚುಚ್ಚುಮದ್ದು ಕೊಟ್ಟು ನಿದ್ದೆಯಲ್ಲೇ ಕಳಿಸಿಬಿಡುತ್ತಾರಂತೆ, ನಮ್ಮಲ್ಲೇಕೆ ಇನ್ನೂ ಹಗ್ಗ? ಹಾಗೆ ಕೇಳುವವರಿಗೆ ನಾನು ಬ್ರ್ಯಾಡ್ ಸಿಗ್ಮನ್‌ನ ಕತೆ ಹೇಳುತ್ತೇನೆ.

ಸಿಗ್ಮನ್ ಅಮಾಯಕನೇನಲ್ಲ. ತನ್ನನ್ನು ಬಿಟ್ಟುಹೋದ ಗೆಳತಿಯ ತಂದೆ ತಾಯಿಯನ್ನು 2001ರಲ್ಲಿ ಬೇಸ್‌ಬಾಲ್ ದಾಂಡಿನಿಂದ ಬಡಿದು ಕೊಂದವನು. ಸೌತ್ ಕೆರೊಲಿನಾ ಸರ್ಕಾರ ಅವನ ಮುಂದೆ ಮೂರು ದಾರಿ ಇಟ್ಟಿತು: ವಿದ್ಯುತ್ ಕುರ್ಚಿ, ವಿಷದ ಚುಚ್ಚುಮದ್ದು, ಗುಂಡು. ಕುರ್ಚಿಯಲ್ಲಿ ಕೂತರೆ ಜೀವಂತ ಬೇಯುತ್ತೇನೆಂಬ ಭಯ. ಚುಚ್ಚುಮದ್ದಿನ ಬಗ್ಗೆ ಅವನ ವಕೀಲರು ಕೇಳಿದ ವಿವರಗಳನ್ನು ಸರ್ಕಾರ ಕೊಡಲಿಲ್ಲ. ಕೊನೆಗೆ ಗುಂಡನ್ನೇ ಆರಿಸಿಕೊಂಡ. 2025ರ ಮಾರ್ಚ್ 7ರ ಸಂಜೆ ಆ ರಾಜ್ಯದ ರಾಜಧಾನಿ ಕೊಲಂಬಿಯಾದ ಜೈಲಿನಲ್ಲಿ ಅವನನ್ನು ಕುರ್ಚಿಗೆ ಬಿಗಿದು, ತಲೆಗೆ ಮುಸುಕು ಹಾಕಿ, ಎದೆಯ ಮೇಲೆ ಗುರಿಯ ಗುರುತು ಇಟ್ಟರು. 15 ಅಡಿ ದೂರದಿಂದ ಮೂವರು ಜೈಲು ಸಿಬ್ಬಂದಿ ಒಟ್ಟಿಗೆ ಗುಂಡು ಹಾರಿಸಿದರು. ಮೂವರೂ ಈ ಕೆಲಸಕ್ಕೆ ತಾವಾಗಿಯೇ ಮುಂದೆ ಬಂದವರು. ಮೂರು ಬಂದೂಕುಗಳಲ್ಲೂ ನಿಜವಾದ ಗುಂಡೇ ಇತ್ತು. ಆ ಕೋಣೆಯನ್ನು ಇದಕ್ಕೆಂದೇ ಸಜ್ಜುಗೊಳಿಸಲು ಸುಮಾರು 53,600 ಡಾಲರ್ ಖರ್ಚಾಗಿತ್ತು.

ಅದೇ ರಾಜ್ಯದಲ್ಲಿ 2024ರ ಸೆಪ್ಟೆಂಬರಿನಲ್ಲಿ ಸತ್ತ ಫ್ರೆಡ್ಡಿ ಓವೆನ್ಸ್ ಎಂಬವನದು ಇನ್ನೂ ವಿಚಿತ್ರ. ಅವನು ಇಸ್ಲಾಂ ಅನುಯಾಯಿ. ಸಾವಿನ ಬಗೆಯನ್ನು ತಾನೇ ಆರಿಸಿದರೆ ಅದು ಆತ್ಮಹತ್ಯೆಗೆ ಸಮ, ಆತ್ಮಹತ್ಯೆ ತನ್ನ ಧರ್ಮದಲ್ಲಿ ಪಾಪ ಎಂದು ಹಿಂದೆ ಸರಿದ. ಆರಿಸುವ ಅಧಿಕಾರವನ್ನು ತನ್ನ ವಕೀಲೆಗೆ ಬರೆದುಕೊಟ್ಟ. ಆಕೆ ಚುಚ್ಚುಮದ್ದು ಎಂದು ಗುರುತು ಹಾಕಿದರು. ಕಕ್ಷಿದಾರನ ಪ್ರಾಣ ಉಳಿಸಲು ಹೊರಟವರಿಗೆ ಕೊನೆಗೆ ಬಂದ ಕೆಲಸ ಅದು!

ಬಂದೂಕು ಮರಳಿ ಬಂದದ್ದು ಔಷಧದ ಬರದಿಂದ. ಚುಚ್ಚುಮದ್ದಿನ ಕಾನೂನನ್ನು 1977ರಲ್ಲಿ ಒಕ್ಲಹೋಮಾ ತಂದಿತು, 1982ರಲ್ಲಿ ಟೆಕ್ಸಾಸ್ ಮೊದಲು ಬಳಸಿತು. ಆಸ್ಪತ್ರೆಯ ವಾಸನೆ ಇದ್ದುದರಿಂದ ನೋಡುವವರಿಗೆ ಹಿತವಾಗಿತ್ತು. 2011ರಲ್ಲಿ ಅರಿವಳಿಕೆ ಮದ್ದು ಥಯೊಪೆಂಟಾಲ್ ಮಾಡುತ್ತಿದ್ದ ಹಾಸ್ಪಿರಾ ಕಂಪನಿ ಅದರ ತಯಾರಿಕೆಯನ್ನೇ ಕೈಬಿಟ್ಟಿತು. ಯುರೋಪಿಯನ್ ಒಕ್ಕೂಟವೂ ಅದೇ ವರ್ಷ ರಫ್ತನ್ನು ಬಿಗಿ ಮಾಡಿತು. ಆಗ ಅಮೆರಿಕದ ಜೈಲು ಅಧಿಕಾರಿಗಳು ಎಲ್ಲೆಲ್ಲಿಗೆ ಕೈಚಾಚಿದರು ಗೊತ್ತೇ? ನಮ್ಮ ಮುಂಬಯಿಗೆ. ಕೇಯೆಮ್ ಎಂಬ ಕಂಪನಿ ನೆಬ್ರಾಸ್ಕಾಕ್ಕೆ ಥಯೊಪೆಂಟಾಲ್ ಮಾರಿತ್ತು. ಗದ್ದಲವಾದ ಮೇಲೆ, ಹಿಂದೂ ಧರ್ಮದ ಆಶಯಗಳನ್ನು ಗೌರವಿಸುವ ನಾವು ಇನ್ನು ಈ ಕೆಲಸಕ್ಕೆ ಮಾರುವುದಿಲ್ಲ ಎಂದು ಹೇಳಿಕೆ ಕೊಟ್ಟಿತು. ಆಶಯಗಳು ನೆನಪಾದದ್ದು ಸರಕು ಹೋದ ಮೇಲೆ, ಇರಲಿ. 2015ರಲ್ಲಿ ಅದೇ ನೆಬ್ರಾಸ್ಕಾ ಕೋಲ್ಕತ್ತಾದ ವ್ಯಾಪಾರಿಯೊಬ್ಬನಿಗೆ 54,400 ಡಾಲರ್ ಕೊಟ್ಟಿತು, ಮದ್ದು ಮಾತ್ರ ಕೈಗೆ ಸಿಗಲಿಲ್ಲ. ಆ ವರ್ಷವೇ ಅಲ್ಲಿನ ಶಾಸಕರು ಗವರ್ನರರ ವೀಟೊವನ್ನೂ ಮೀರಿ ಮರಣದಂಡನೆ ರದ್ದು ಮಾಡಿದರು. ಮರುವರ್ಷ ಮತದಾರರು ಅದನ್ನು ಮತ್ತೆ ತಂದರು.

ಈಗ ಸಿಗ್ಮನ್‌ಗೆ ವಿವರ ಏಕೆ ಸಿಗಲಿಲ್ಲ ಎಂಬುದಕ್ಕೆ ಬರೋಣ. 2023ರಲ್ಲಿ ಸೌತ್ ಕೆರೊಲಿನಾ ಔಷಧ ಕೊಟ್ಟವರ ಹೆಸರನ್ನು ಗುಟ್ಟಾಗಿಡುವ ಕಾನೂನು ಮಾಡಿತು. ಅದಾದ ಮೇಲೆಯೇ ಅದಕ್ಕೆ ಚುಚ್ಚುಮದ್ದಿಗೆ ಬೇಕಾದ ಪೆಂಟೊಬಾರ್ಬಿಟಾಲ್ ಎಂಬ ಮದ್ದು ಸಿಕ್ಕಿತು. ಇಂಥ ಕಾನೂನು ಬೇರೆ ಹಲವು ರಾಜ್ಯಗಳಲ್ಲೂ ಇದೆ. ನನ್ನನ್ನು ಕೇಳಿದರೆ ಬಂದೂಕಿಗಿಂತ ಇದು ಹೆಚ್ಚು ಹೆದರಿಸುವ ಬದಲಾವಣೆ. ಜನರ ಹೆಸರಿನಲ್ಲಿ ಜೀವ ತೆಗೆಯುವ ಸರ್ಕಾರ ಆ ಜನರಿಗೇ ಲೆಕ್ಕ ಕೊಡುವುದಿಲ್ಲ. ಮಾಡುವುದು ನ್ಯಾಯವೇ ಆಗಿದ್ದರೆ ಬಾಟಲಿಯ ಮೇಲಿನ ಚೀಟಿ ಹರಿಯುವುದೇಕೆ?

ಅಲಬಾಮಾ ರಾಜ್ಯದಲ್ಲಿ ಕೊಲೆ ಅಪರಾಧಿ ಕೆನ್ನೆತ್ ಸ್ಮಿತ್‌ಗೆ ಜೀವಾವಧಿ ಸಾಕು ಎಂದು 12 ಜ್ಯೂರಿಗಳಲ್ಲಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರಲ್ಲಿ) 11 ಮಂದಿ ಹೇಳಿದ್ದರು. ನ್ಯಾಯಾಧೀಶರು ಅದನ್ನು ತಳ್ಳಿ ಮರಣದಂಡನೆ ಕೊಟ್ಟರು. ನ್ಯಾಯಾಧೀಶರ ಆ ಅಧಿಕಾರವನ್ನು ರಾಜ್ಯ 2017ರಲ್ಲಿ ತೆಗೆದುಹಾಕಿತು, ಹಳೆಯ ಶಿಕ್ಷೆಗಳನ್ನು ಮಾತ್ರ ಮುಟ್ಟಲಿಲ್ಲ. 2022ರ ನವೆಂಬರಿನಲ್ಲಿ ಅವನನ್ನು ಮಲಗಿಸಿ ಸೂಜಿ ಚುಚ್ಚಿ ಚುಚ್ಚಿ, ಸರಿಯಾದ ನರ ಸಿಗದೆ ಸೆಲ್ಲಿಗೆ ವಾಪಸ್ ಕಳಿಸಿದರು. 2024ರ ಜನವರಿ 25ರಂದು ಮುಖಕ್ಕೆ ಮಾಸ್ಕ್ ಬಿಗಿದು, ಆಮ್ಲಜನಕ ಸಿಗದೆ ಸಾಯುವಂತೆ ನೈಟ್ರೋಜನ್ ಅನಿಲ ಬಿಟ್ಟರು. ಜಗತ್ತಿನಲ್ಲೇ ಮೊದಲು. ಅವನು ನಿಮಿಷಗಟ್ಟಲೆ ನಡುಗಿ ಒದ್ದಾಡಿದ್ದನ್ನು ಪತ್ರಕರ್ತರು ಕಂಡು ಬರೆದಿದ್ದಾರೆ. ರಾಜ್ಯದ ಅಟಾರ್ನಿ ಜನರಲ್ ಇದು ಸಾಬೀತಾದ ವಿಧಾನ ಎಂದು ಸಾರಿ, ಬೇರೆ ರಾಜ್ಯಗಳಿಗೂ ನೆರವು ನೀಡಲು ಸಿದ್ಧ ಎಂದರು. 2025ರ ಮಾರ್ಚ್‌ನಲ್ಲಿ ಲೂಯಿಸಿಯಾನಾ ಅದೇ ದಾರಿ ಹಿಡಿಯಿತು.

ಎಲ್ಲ ರಾಜ್ಯಗಳೂ ಹೀಗಿಲ್ಲ. 1976ರಿಂದೀಚೆಗೆ ಟೆಕ್ಸಾಸ್ ಬಿಟ್ಟರೆ ಅತಿ ಹೆಚ್ಚು ಜನರನ್ನು ಕೊಂದಿದ್ದ ವರ್ಜೀನಿಯಾ 2021ರಲ್ಲಿ ಈ ಶಿಕ್ಷೆಯನ್ನೇ ಕೈಬಿಟ್ಟಿತು. ಒಟ್ಟು 23 ರಾಜ್ಯಗಳಲ್ಲಿ ಈಗ ಅದಿಲ್ಲ. ಆದರೆ ಫ್ಲಾರಿಡಾ 2023ರಲ್ಲಿ 12ರಲ್ಲಿ 8 ಜ್ಯೂರಿಗಳು ಒಪ್ಪಿದರೆ ಸಾಕು ಎಂದು ಕಾನೂನು ಸಡಿಲಿಸಿತು. ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡು ಹಾರಿಸಿ ಮಕ್ಕಳನ್ನು ಕೊಂದ ಹಂತಕನಿಗೆ ಜ್ಯೂರಿ ಒಮ್ಮತವಿಲ್ಲದೆ ಮರಣದಂಡನೆ ತಪ್ಪಿದ ಸಿಟ್ಟು ಅದರ ಹಿಂದಿತ್ತು. ಮಕ್ಕಳನ್ನು ಕಳೆದುಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾಲ್ವರು ಅನುಮಾನಿಸುವಾಗಲೂ ಕೊಲ್ಲಬಹುದು ಎಂಬ ಕಾನೂನು ಅರ್ಥವಾಗುವುದಿಲ್ಲ.

ನಮ್ಮ ಸುಪ್ರೀಂ ಕೋರ್ಟಿನಲ್ಲೂ 2017ರಲ್ಲಿ ಒಂದು ಅರ್ಜಿ ದಾಖಲಾಯಿತು: ನೇಣು ಕ್ರೂರ, ಚುಚ್ಚುಮದ್ದಿನಂಥ ಬೇರೆ ದಾರಿ ಇರಲಿ ಎಂದು. ನೇಣು ಕ್ರೂರವೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಸೂಜಿ ಹಿಡಿಯುವವರು ಯಾರು, ಮದ್ದು ಮಾಡುವ ಕಂಪನಿ ಯಾವುದು, ನರ ಸಿಗದಿದ್ದರೆ ಏನು ಮಾಡುತ್ತೀರಿ, ಇದೆಲ್ಲ ಮಾಹಿತಿ ಹಕ್ಕಿನಡಿ ನಮಗೆ ಸಿಗುತ್ತದೆಯೇ? ಚುಚ್ಚುಮದ್ದು ಬೇಕೆನ್ನುವ ಗೆಳೆಯರು ಕಮೆಂಟಿನಲ್ಲಿ ಮೊದಲು ಈ ನಾಲ್ಕಕ್ಕೆ ಉತ್ತರ ಬರೆಯಿರಿ.