ಹುಡುಕಿದರೂ ಸಿಗದಿರಲು ಕಾರಣ ಬೇರೆ

ವಿದ್ಯಾರ್ಥಿಗಳು ಗ್ರಂಥಾಲಯದ ಕ್ಯಾಟಲಾಗ್ ಬಿಟ್ಟು ಗೂಗಲ್‌ಗೆ ಓಡುತ್ತಾರೆ ಎಂದು ಲೇಖನವೊಂದರಲ್ಲಿ ಓದಿದ ದೂರು ಅರ್ಧ ಮಾತ್ರ ಸರಿ. ಕನ್ನಡ ಸಂಶೋಧಕರ ಪಾಡು ನೋಡಿ. ಕ್ಯಾಟಲಾಗ್‌ನಲ್ಲಿ 'ಲಾವಣಿ' ಎಂದು ಟೈಪಿಸಿದರೆ ಎಷ್ಟೋ ಕಡೆ ಸೊನ್ನೆ! ನಮೂದು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ಒಂದರಲ್ಲಿ 'ಎ' ಒಂದು (lavani), ಇನ್ನೊಂದರಲ್ಲಿ ಎರಡು (laavani). ಕ್ಯಾಟಲಾಗ್ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿದ್ದರೆ ಎರಡೂ ಬಗೆಯ ಕಾಗುಣಿತದ ಮೊದಲ ಮೂರು ಅಕ್ಷರ ಹೊಡೆದು ನಕ್ಷತ್ರ ಚಿಹ್ನೆ ಹಾಕಿ (lav*, laa*) ನೋಡಿ.

ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾದ ತೊಡಕು ಬೇರೆ. ಹಳೆಯ ನುಡಿ ಫಾಂಟಿನ ಪಿಡಿಎಫ್ ಕಣ್ಣಿಗೆ ಕನ್ನಡ, ಒಳಗೆಲ್ಲ ಇಂಗ್ಲಿಷ್ ಕಲಸುಮೇಲೋಗರ. ಕಂಟ್ರೋಲ್-ಎಫ್ ಒತ್ತಿದರೆ ಏನೂ ಸಿಗದು, ಪರಿವಿಡಿಯನ್ನೇ ಓದಬೇಕು.

ಕಪಾಟಿನಲ್ಲೂ ಒಂದೇ ಕಡೆ ನಿಲ್ಲಬೇಡಿ. ವಿಷಯಕ್ಕೊಂದು ಅಂಕೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಜಾನಪದ 398. ಲಾವಣಿ ಸಂಗ್ರಹಗಳು ಎರಡೂ ಕಡೆ ಹಂಚಿಹೋಗಿರುತ್ತವೆ.