‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನಬೇಡಿ

ನಿನ್ನೆ ಚನ್ನಪಟ್ಟಣದಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ. ಅಪ್ಪನ ಜೊತೆಗಾರ ಚಾಚಾ ಅವರ ಮರದ ಗೊಂಬೆ ಕಾರ್ಖಾನೆ ಸುಟ್ಟು ಇವತ್ತಿಗೆ ಹನ್ನೊಂದು ದಿನ. ಕಾರ್ಖಾನೆ ಅಂದರೆ ಮನೆ ಹಿಂದೆ ಶೀಟ್ ಹಾಕಿದ ಒಂದು ಕೋಣೆ, ಅದರಲ್ಲಿ ಮರ ತಿರುಗಿಸಿ ಕಡೆಯುವ ಎರಡು ಲೇತ್. ನಿನ್ನೆ ಯಾರೋ ಕಾರಿನಲ್ಲಿ ಬಂದರು. ಬೂದಿಯ ಮೇಲೆ ಓಡಾಡಿ ವಿಡಿಯೋ ಮಾಡಿದರು. ಚಾಚಾನ ಮೊಮ್ಮಗಳ ಕೈಗೆ ಅರ್ಧ ಸುಟ್ಟ ಕುದುರೆ ಗೊಂಬೆ ಕೊಟ್ಟು, "ಸ್ವಲ್ಪ ಬೇಜಾರಾಗಿ ನೋಡು ಪುಟ್ಟಿ" ಅಂದರು. ಆ ಹುಡುಗಿ ಇನ್ನೂ ಮೂರನೇ ಕ್ಲಾಸು. ಹೋಗುವಾಗ ಚಾಚಾನ ಕೈ ಹಿಡಿದು "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಹೇಳಿ ಕಾರು ಹತ್ತಿದರು.

ವಿಡಿಯೋಗಿಂತ ಆ ಮಾತಿಗೆ ನನಗೆ ಜಾಸ್ತಿ ಸಿಟ್ಟು ಬಂತು. ಹನ್ನೊಂದು ದಿನದಿಂದ ಬಂದವರೆಲ್ಲ ಅದನ್ನೇ ಹೇಳಿ ಹೋಗುತ್ತಿದ್ದಾರೆ. ಅರವತ್ತು ದಾಟಿದ ಮನುಷ್ಯ. ಯಾರ ಮುಂದೆಯೂ ಕೈ ಚಾಚಿದವರಲ್ಲ. ಅವರು ಬಾಯಿ ಬಿಟ್ಟು ನನಗೆ ಇಷ್ಟು ಬೇಕು ಅಂತಾರಾ? ಹೇಳಲ್ಲ ಅಂತ ಕೇಳುವವರಿಗೂ ಗೊತ್ತು. ಗೊತ್ತಿದ್ದೇ ಕೇಳುತ್ತೇವೆ.

ಏನು ಬೇಕು ಅಂತ ಕಣ್ಣಿಗೆ ಕಾಣುತ್ತಲ್ವಾ! ಎರಡು ಲೇತ್‌ನ ಮೋಟರ್ ಕರಗಿ ಹೋಗಿವೆ. ಉಳಿಗಳ ಹಿಡಿ ಸುಟ್ಟು ಬರೀ ಕಬ್ಬಿಣ ಉಳಿದಿದೆ. ದಸರಾಕ್ಕೆ ಅಂತ ಪ್ಯಾಕ್ ಮಾಡಿಟ್ಟಿದ್ದ ಎಂಟು ಪೆಟ್ಟಿಗೆ ಗೊಂಬೆ ಹೋಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ ಮರದ್ದು. ಗೊಂಬೆ ಮಾಡುವ ಆಲೆ ಮರವನ್ನು ತಂದ ದಿನವೇ ಲೇತ್‌ಗೆ ಕೊಡೋಕಾಗಲ್ಲ. ಎರಡು ಮೂರು ತಿಂಗಳು ಒಣಗಬೇಕು. ಹಸಿ ಮರದಲ್ಲಿ ಗೊಂಬೆ ಮಾಡಿದರೆ ಆಮೇಲೆ ಬಿರುಕು ಬಿಡುತ್ತೆ. ಅಂದರೆ ಇವತ್ತು ಯಾರೋ ಪುಣ್ಯಾತ್ಮರು ಲಕ್ಷ ರೂಪಾಯಿ ತಂದಿಟ್ಟು, ಅದರಲ್ಲಿ ಹಸಿ ಮರ ತಂದರೂ ಚಾಚಾ ಕೆಲಸ ಶುರು ಮಾಡೋಕೆ ತಿಂಗಳುಗಟ್ಟಲೆ ಕಾಯಬೇಕು.

ಪಾಂಡವರ ಅರಗಿನ ಮನೆ ಕಥೆ ಚಿಕ್ಕಂದಿನಿಂದ ಕೇಳಿದ್ದೇವೆ. ಒಣ ಮರ, ಮೂಲೆಯಲ್ಲಿ ರಾಶಿ ಬಿದ್ದ ಹೊಟ್ಟು, ಅರಗು, ಹಳೇ ವೈರಿಂಗ್. ನಮ್ಮೂರಿನಲ್ಲಿ ಎಷ್ಟೋ ಮನೆಯವರು ಅಂಥ ಅರಗಿನ ಮನೆಯಲ್ಲೇ ದಿನಾ ಕೂತು ದುಡಿಯುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಆಮೇಲೆ ತಾಳೆ ಗರಿ ಒತ್ತಿದರೆ ಹೊಳಪು. ಇದನ್ನು ನೋಡುತ್ತಲೇ ನಾನು ಬೆಳೆದಿದ್ದು. ಅಪ್ಪ ಮತ್ತು ಚಾಚಾ ಇಪ್ಪತ್ತು ವರ್ಷ ಅಕ್ಕಪಕ್ಕದ ಲೇತ್‌ನಲ್ಲಿ ಕೂತವರು. ಆ ಕೋಣೆಯ ವಾಸನೆ ನನಗೆ ನಮ್ಮ ಮನೆಯ ವಾಸನೆಯೇ.

"ಸರ್ಕಾರದ ಸ್ಕೀಮ್ ಇದೆಯಲ್ಲ, ನಾವ್ಯಾಕೆ?" ಅಂತ ಒಬ್ಬರು ಗೆಳೆಯರು ಕೇಳಿದರು. ಇದೆ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಗೊಂಬೆ ಮಾಡುವವರೂ ಸೇರಿದ್ದಾರೆ. ಉಪಕರಣಕ್ಕೆ 15,000 ರೂಪಾಯಿವರೆಗೆ, ಮೊದಲ ಸಾಲ 1 ಲಕ್ಷದವರೆಗೆ. ಅದಕ್ಕೆ ಓಡಾಡುತ್ತಿದ್ದೇವೆ. ಆದರೆ ಪಾಸ್‌ಬುಕ್, ಕರಕುಶಲಕರ್ಮಿ ಕಾರ್ಡ್, ಮರದ ಲೆಕ್ಕದ ಚೀಟಿ ಎಲ್ಲ ಇದ್ದಿದ್ದು ಅದೇ ಕೋಣೆಯ ತಗಡಿನ ಡಬ್ಬದಲ್ಲಿ. ಒಂದೊಂದನ್ನೂ ಮತ್ತೆ ಮಾಡಿಸಬೇಕು. ಅಲ್ಲಿಯವರೆಗೆ ಮನೆಯ ಆರು ಜನ ಏನು ತಿನ್ನಬೇಕು? "ದುಡ್ಡು ಕೊಟ್ಟರೆ ಎಲ್ಲಿಗೆ ಹೋಗುತ್ತೋ" ಅನ್ನುವವರಿಗೂ ಹೇಳುತ್ತೇನೆ. ನಂಬಿಕೆ ಇಲ್ಲದಿದ್ದರೆ ದುಡ್ಡು ಕೊಡಬೇಡಿ. ಗೊಂಬೆಗೆ ಆರ್ಡರ್ ಕೊಡಿ, ಅರ್ಧ ಮುಂಗಡ ಕೊಡಿ, ಮೂರು ತಿಂಗಳು ಕಾಯಿರಿ. ಚೌಕಾಸಿ ಮಾತ್ರ ಮಾಡಬೇಡಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಮೈಸೂರಿಗೆ ಹೋಗುವ ಕಾರುಗಳು ನಮ್ಮೂರೊಳಗೆ ಬರೋದೇ ಕಡಿಮೆಯಾಗಿದೆ. ಹಳೇ ರಸ್ತೆಯ ಗೊಂಬೆ ಅಂಗಡಿಯವರು ಈಗ ಚಾಚಾನಂಥವರಿಗೆ ಮುಂಗಡ ಕೊಡುವ ಸ್ಥಿತಿಯಲ್ಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಬರೆಯೋದೋ ಬೇಡವೋ ಅಂತ ರಾತ್ರಿಯೆಲ್ಲ ಯೋಚಿಸಿದೆ. ಬೆಂಕಿ ಬಿದ್ದ ಬೆಳಿಗ್ಗೆ ನಾನು ಬೆಂಗಳೂರಿನಿಂದ ಚಾಚಾಗೆ ಫೋನ್ ಮಾಡಿದ್ದೆ. ಅತ್ತುಬಿಟ್ಟೆ. ಕೊನೆಗೆ ನಾನೂ ಅದನ್ನೇ ಹೇಳಿದೆ. "ಏನಾದ್ರೂ ಬೇಕಿದ್ರೆ ಹೇಳಿ ಚಾಚಾ." ಅವರು "ನೀನು ಫೋನ್ ಮಾಡಿದ್ಯಲ್ಲ ಬೇಟಾ, ಸಾಕು" ಅಂದರು. ನಾನು ಫೋನ್ ಇಟ್ಟು ಆಫೀಸಿಗೆ ಹೋದೆ.

ಅಪ್ಪನಿಗೆ ಲಕ್ವ ಹೊಡೆದ ವರ್ಷ ಈ ಚಾಚಾ ನಮ್ಮನೆಗೆ ಬಂದು ಏನು ಬೇಕು ಅಂತ ಕೇಳಲಿಲ್ಲ. ಅಪ್ಪನ ಲೇತ್ ಪಕ್ಕ ಅರ್ಧಕ್ಕೆ ನಿಂತಿದ್ದ ಬುಗುರಿ, ಗಿಲಕಿಗಳನ್ನು ಮೂಟೆ ಕಟ್ಟಿ ತೆಗೆದುಕೊಂಡು ಹೋದರು. ಹಗಲು ತಮ್ಮ ಕೆಲಸ, ರಾತ್ರಿ ನಮ್ಮದು. ಇಪ್ಪತ್ತು ದಿನಕ್ಕೆ ಆರ್ಡರ್ ಮುಗಿಸಿ, ಅಂಗಡಿಗೆ ಕೊಟ್ಟು, ಪೂರ್ತಿ ದುಡ್ಡು ತಂದು ಅಮ್ಮನ ಕೈಗಿಟ್ಟರು. ನನ್ನ ಪಿಯುಸಿ ಫೀಸು ಕಟ್ಟಿದ್ದು ಆ ದುಡ್ಡಿನಲ್ಲಿ. ಅಂಥವರಿಗೆ ನಾನು ಫೋನಿನಲ್ಲಿ ಒಂದು ಮಾತು ಹೇಳಿ ಸುಮ್ನಾಗಿದ್ದೆ. ಕಾರಿನವರ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು.

ನಿನ್ನೆ ಸಂಜೆ ಕಾರು ಹೋದಮೇಲೆ ಪಕ್ಕದ ಬೀದಿಯ ಮೂವರು ಕೆಲಸಗಾರರು ಬಂದರು. ತಲೆ ಮೇಲೆ ಒಂದೊಂದು ಮೂಟೆ. ಒಣಗಿದ ಆಲೆ ಮರ! ಅವರು ತಮ್ಮ ಮುಂದಿನ ತಿಂಗಳ ಕೆಲಸಕ್ಕೆ ಅಂತ ಇಟ್ಟುಕೊಂಡಿದ್ದು. ದುಡ್ಡಿಗೂ ಸಿಗದ ಎರಡು ತಿಂಗಳನ್ನು ಅವರು ಹೊತ್ತು ತಂದಿದ್ದರು. ಒಬ್ಬರು, "ಸಂಜೆ ಆರಾದ್ಮೇಲೆ ನನ್ನ ಲೇತ್ ಖಾಲಿ ಇರುತ್ತೆ, ನಾಳೆಯಿಂದ ಬನ್ನಿ ಭಾಯ್" ಅಂದರು. ಅಷ್ಟೇ ಮಾತು. ಚಾಚಾ ಒಂದು ತುಂಡು ಎತ್ತಿಕೊಂಡು, ಉಗುರಿನಲ್ಲಿ ಕೆರೆದು, ಮೂಗಿನ ಹತ್ತಿರ ಹಿಡಿದರು. ಹನ್ನೊಂದು ದಿನದಲ್ಲಿ ಅವರ ಮುಖ ಮೊದಲ ಸಲ ಅವರ ಮುಖದ ಥರ ಕಂಡಿತು.

ದಾನ ಅಂದರೆ ಚಾಚಾ ತೆಗೆದುಕೊಳ್ಳಲ್ಲ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆದುಕೊಳ್ಳುತ್ತಾರಲ್ಲ, ಅದೇ ಥರ ಚಾಚಿ ಒಂದು ನೋಟ್‌ಬುಕ್ ಮಾಡಿದ್ದಾರೆ. ಯಾರು ಏನು ಕೊಟ್ಟರು, ಎಲ್ಲ ಅದರಲ್ಲಿದೆ. ಇಂದಲ್ಲ ನಾಳೆ ತೀರಿಸುತ್ತಾರೆ, ಮರಕ್ಕೆ ಮರ, ದುಡಿಮೆಗೆ ದುಡಿಮೆ. ಆರ್ಡರ್ ಕೊಡುವವರು ನನಗೆ ಮೆಸೆಂಜರ್‌ನಲ್ಲಿ ಬರೆಯಿರಿ. ಏನು ಬೇಕು, ಎಷ್ಟು ಬೇಕು ಅಂತ ನೇರವಾಗಿ ಬರೆಯಿರಿ. ಒಣ ಮರ ಇರುವ ನಮ್ಮೂರಿನವರು ನೇರ ಮನೆಗೇ ಹೋಗಿ, ದಾರಿ ನಿಮಗೆ ಗೊತ್ತು.

ನೋಟ್‌ಬುಕ್ ಬರೆಯೋದು ಆ ಮೂರನೇ ಕ್ಲಾಸಿನ ಹುಡುಗಿ. ಮೂರು ಹೆಸರು ಬರೆದು, ಪ್ರತಿಯೊಂದರ ಮುಂದೆ ‘ಆಲೆ, 1 ಮೂಟೆ’ ಅಂತ ದುಂಡಗೆ ಬರೆದಳು. ಆಮೇಲೆ ನನ್ನ ಹೆಸರು ಬರೆದು ತಲೆ ಎತ್ತಿ ಕೇಳಿದಳು, "ಆಂಟಿ, ನಿಮ್ಮ ಮುಂದೆ ಏನು ಬರೀಲಿ?"

ಮೋಟರ್ ಅಂತ ಬರಿ ಅಂದೆ. ಸೋಮವಾರ ನಾನೇ ತೆಗೆದುಕೊಂಡು ಹೋಗುತ್ತಿದ್ದೇನೆ.